ಎಲೆಯ ಬೆನ್ನು ನೋಡುವ ನೀಲಾಬಾಯಿ

ಮಹಾರಾಷ್ಟ್ರದ ಗಡಿ ಹಳ್ಳಿ ಕರಜಗಿಯಿಂದ ಮೊದಲ ಎಸ್‌ಟಿ ಬಸ್ಸು ಅಕ್ಕಲಕೋಟದ ಕಡೆ ಹೊರಡುವ ಹೊತ್ತು. ನೀಲಾಬಾಯಿ ಆಗಲೇ ಶಾಂತಪ್ಪನವರ ಮೆಣಸಿನಕಾಯಿ ಹೊಲದಲ್ಲಿ ಬಗ್ಗಿ ನಿಂತಿದ್ದಾರೆ. ಕೈಯಲ್ಲಿ ಯಾರದೋ ಹಳೆಯ ಲಗ್ನಪತ್ರಿಕೆ. ಅದರ ಬಿಳಿ ಹಿಂಬದಿಯನ್ನು ಗಿಡದ ಕೆಳಗೆ ಹಿಡಿದು, ಕುಡಿಯನ್ನು ಎರಡು ಬೆರಳಿನಿಂದ ತಟ್ಟುತ್ತಾರೆ. ಥ್ರಿಪ್ಸ್ ಹುಳ ಇದ್ದರೆ ಕಾಗದದ ಮೇಲೆ ಉದುರಿ ಓಡಾಡಬೇಕು. ಇಲ್ಲಿ ಉದುರಿದ್ದು ಬರೀ ಇಬ್ಬನಿ.

"ಏನೂ ಇಲ್ರಿ ಯಜಮಾನ್ರ," ಎನ್ನುತ್ತಾರೆ.

ಬದುವಿನ ಮೇಲೆ ನಿಂತಿರುವ ಶಾಂತಪ್ಪನವರಿಗೆ ಎಪ್ಪತ್ತರ ಹತ್ತಿರ ವಯಸ್ಸು, ಮೂಗಿನ ತುದಿಯಲ್ಲೇ ಸಿಟ್ಟು. ಕೈಯಲ್ಲಿನ ಔಷಧಿ ಬಾಟಲಿ ಎತ್ತಿ ತೋರಿಸುತ್ತಾರೆ. "ಏನೂ ಇಲ್ಲಂದ್ರ ಎಲಿ ಯಾಕ ಮುದುಡ್ಯಾವ? ಚುರಡಾ-ಮುರಡಾ ಬಿದ್ದೈತಿ. ಥ್ರಿಪ್ಸಿನ ಔಷಧ ತಂದೀನಿ, ಹೊಡದ ಬಿಡತೀನಿ."

ಚುರಡಾ-ಮುರಡಾ ಎಂಬುದು ಮರಾಠಿಯಿಂದ ಬಂದ ಮಾತು. ಎಲೆ ಯಾವ ಕಡೆ ಮುದುಡಿದರೂ ಈ ಸೀಮೆಯಲ್ಲಿ ಅದೊಂದೇ ಹೆಸರು. ಹೆಸರು ಒಂದಾದ ಮೇಲೆ ಔಷಧಿಯೂ ಒಂದೇ ಅಲ್ಲವೇ? ನೀಲಾಬಾಯಿಯವರ ಜಗಳ ಇರುವುದೇ ಅಲ್ಲಿ.

"ಅಂಗೈ ಒಡ್ಡಿದಂಗ ಮ್ಯಾಲ ಮಡಚಿದ್ರ ಥ್ರಿಪ್ಸ್. ಬೋಗಾಣಿ ಬೋರಲ ಹಾಕಿದಂಗ ಕೆಳಗ ಮಡಚಿದ್ರ ಮೈಟ್ ನುಸಿ. ಅದು ಎಲಿ ಬೆನ್ನಿಗಿ ಕುಂತಿರ್ತೈತಿ, ಬರಿಗಣ್ಣಿಗಿ ಕಾಣಂಗಿಲ್ಲ. ಮಂದಿ ಎಲಿ ಮಾರಿ ನೋಡತಾರ್ರಿ, ಬೆನ್ನ ಯಾರೂ ನೋಡಂಗಿಲ್ಲ."

ಎಲೆ-ಅಡಿಕೆಯ ಚಂಚಿಯಿಂದ ಪುಟ್ಟ ಭೂತಗನ್ನಡಿಯೊಂದನ್ನು ತೆಗೆದು, ಎಲೆಯೊಂದನ್ನು ಮಗುಚಿ ಯಜಮಾನರ ಮುಂದೆ ಹಿಡಿಯುತ್ತಾರೆ. ಒಂದು ಕಣ್ಣು ಮುಚ್ಚಿ ಇಣುಕಿದ ಶಾಂತಪ್ಪನವರು ಹೌಹಾರುತ್ತಾರೆ: "ಯಪ್ಪಾ! ಎಷ್ಟ ಅದಾವ!" ಆ ಬಾಟಲಿಯ ಔಷಧಿಗೆ ಇವು ಸಾಯುವುದಿಲ್ಲ, ಇವನ್ನು ತಿನ್ನುವ ಒಳ್ಳೆಯ ಹುಳಗಳು ಸಾಯುತ್ತವೆ. ಒಂದೆಕರೆ ಗಿಡ ಹೂವಿಗೆ ಬಂದಿದೆ. ಈ ವಾರ ತಪ್ಪು ಔಷಧಿ ಬಿದ್ದರೆ ಹೂವೆಲ್ಲ ನೆಲದ ಪಾಲು.

ಐದು ದಿನ ಆಗಲೇ ದಂಡವಾಗಿವೆ. ಆ ಕಥೆಯನ್ನು ಶಾಂತಪ್ಪನವರು ಹೇಳಲೊಲ್ಲರು; ನೀಲಾಬಾಯಿಯವರ ಬಗ್ಗೆ ಬರೆಯಲು ಬಂದ ನನಗೆ ಅದನ್ನು ಹೇಳಿದ್ದು ಹೊಲಕ್ಕೆ ಚಹಾ ತಂದ ಅವರ ಸೊಸೆ ಕಾಜಲ. ರೈತರ ವಾಟ್ಸಾಪ್ ಗುಂಪಿಗೆ ಮರಾಠಿಯಲ್ಲಿ ಒಂದು ಎಚ್ಚರಿಕೆ ಬಂದಿತ್ತು. ಮರಾಠಿ ಶಾಲೆಯಲ್ಲಿ ಕಲಿತ ಕಾಜಲ ರೊಟ್ಟಿ ಬಡಿಯುತ್ತಲೇ ಅದನ್ನು ಕನ್ನಡ ಮಾಡಿ ಹೇಳಿದರು: "ಮಾವಾರ, ಮೆಣಸಿನ ಗಿಡಕ್ಕ ಕೋಳಿ ಬರಾಕತ್ತಾವಂತ, ಹುಷಾರ್ ಇರ್ರಿ." ಮರಾಠಿಯಲ್ಲಿ 'ಕೋಳಿ' ಎಂದರೆ ಇದೇ ಮೈಟ್ ನುಸಿ! ಉಳಿದ ಮಾತೆಲ್ಲ ಕನ್ನಡವಾಯಿತು, ಅದೊಂದು ಹಾಗೇ ಉಳಿಯಿತು. ಮಾವನವರು ಎದ್ದವರೇ ಮನೆಯ ಏಳೂ ಕೋಳಿಗಳನ್ನು ಹಿಡಿದು ಬುಟ್ಟಿಯಡಿ ಮುಚ್ಚಿದರು. ಕನ್ನಡದ ಕೋಳಿ ಬುಟ್ಟಿಯೊಳಗೆ, ಮರಾಠಿಯ ಕೋಳಿ ಹೊಲದೊಳಗೆ.

ಇದನ್ನು ಕೇಳಿ ನೀಲಾಬಾಯಿ ಹೊಟ್ಟೆ ಹಿಡಿದುಕೊಂಡು ಬದುವಿನ ಮೇಲೆ ಕುಸಿಯುತ್ತಾರೆ. "ನಕ್ಕಿದ್ದ ಸಾಕ, ಮುಂದಿಂದ ಹೇಳ," ಎಂದು ಶಾಂತಪ್ಪನವರು ಗದರುತ್ತಾರೆ. ಬಾಟಲಿ ಮಾತ್ರ ಕಂಕುಳ ಸೇರಿದೆ.

ಮುಂದಿನದು ಸರಳ: ನೀರಿನಲ್ಲಿ ಬೆರೆಯುವ ಗಂಧಕ, ಬಿಸಿಲು ಇಳಿದ ಮೇಲೆ, ಪಂಪಿನ ಮೂತಿ ಮೇಲ್ಮುಖ ಮಾಡಿ ಎಲೆಯ ಬೆನ್ನಿಗೇ ಹೊಡೆಯಬೇಕು. "ಮಾರಿಗಿ ಹೊಡದ್ರ ಗಿಡಾ ಪುಕ್ಕಟ ಜಳಕಾ ಮಾಡ್ತೈತಿ, ಅಷ್ಟ," ಎಂದು ನೀಲಾಬಾಯಿ ಎಚ್ಚರಿಸುತ್ತಾರೆ.

ಐವತ್ಮೂರರ ನೀಲಾಬಾಯಿಗೆ ಸ್ವಂತ ಹೊಲವಿಲ್ಲ. ಇಪ್ಪತ್ತರ ವಯಸ್ಸಿನಿಂದ ಕಂಡವರ ಹೊಲದಲ್ಲಿ ಮೆಣಸಿನಕಾಯಿ ಹರಿಯುವ, ಅಂದರೆ ಕೀಳುವ, ಕೆಲಸ. "ಮಗಳು ಸಣ್ಣಾಕಿ ಇದ್ದಾಗ ಸಂಜಿಕ ಆಕಿ ಮಾರಿ ಮುಟ್ಟಂಗಿದ್ದಿಲ್ರಿ. ಕೈಯಾಗಿನ ಖಾರ ಎಣ್ಣಿ ಹಚ್ಚಿ ತಿಕ್ಕಿದ್ರೂ ಹೋಗ್ತಿದ್ದಿಲ್ಲ." ಒಮ್ಮೆ ಊರಿನ ಹೊಲವೊಂದರಲ್ಲಿ ಕೀಟಗಳ ಬಗ್ಗೆ ತರಬೇತಿ ನಡೆಯಿತು. ಖುರ್ಚಿಯಲ್ಲಿ ಗಂಡಸರು, ಪಕ್ಕದ ಸಾಲಿನಲ್ಲಿ ಕಾಯಿ ಹರಿಯುತ್ತ ಈಕೆ. ಕಿವಿಯೆಲ್ಲ ಅತ್ತಲೇ. ಕೊನೆಗೆ ಭೂತಗನ್ನಡಿ ಕೈಯಿಂದ ಕೈಗೆ ದಾಟಿತು. "ನನ್ನ ತನಕ ಬರಲೇ ಇಲ್ರಿ," ಎನ್ನುವಾಗ ದನಿಯಲ್ಲಿ ಇವತ್ತಿಗೂ ಸಣ್ಣ ಮುನಿಸಿದೆ. ಮುಂದೆ ಅಕ್ಕಲಕೋಟದ ಅಕ್ಕಸಾಲಿಗರೊಬ್ಬರು ಅಂಗಡಿ ಮುಚ್ಚುವಾಗ ಕಸ ಗುಡಿಸಲು ಹೋದ ಈಕೆ, ಚಿನ್ನ ನೋಡುವ ಕನ್ನಡಿಯನ್ನು ಕೇಳಿ ಪಡೆದರು. ಚಂಚಿಯಲ್ಲಿರುವುದು ಅದೇ.

ಎಕರೆಗೆ ಇಪ್ಪತ್ತು ಗಿಡ, ಗಿಡಕ್ಕೆ ಮೂರು ಎಲೆ: ತುದಿಯದೊಂದು, ನಡುವಿನದೊಂದು, ಕೆಳಗಿನದೊಂದು. ಅರವತ್ತು ಎಲೆಗಳ ಬೆನ್ನು ನೋಡಿದ ಮೇಲೆಯೇ ಇವರ ದಿನದ ಕೂಲಿ ಶುರು. ಕಳೆದ ವರ್ಷ ಹೀಗೆ ಹನ್ನೊಂದು ಹೊಲ ನೋಡಿದ್ದಾರೆ. ಎಲೆಮರೆಯ ಕಾಯಿ ಎನ್ನುತ್ತೇವಲ್ಲ, ಈಕೆ ಎಲೆಮರೆಯ ಹುಳ ಹಿಡಿಯುವಾಕೆ.

ಆಸೆ ಏನಾದರೂ ಇದೆಯೇ ಎಂದರೆ ನಾಚುತ್ತಾರೆ. "ಎಲ್ಲಾರೂ 'ಹರಿಯಾಕ ಬಾ' ಅಂತ ಕರೀತಾರ್ರಿ. ಎಲಿ ನೋಡೂದು ನಾನ ಸುಮ್ನ ನೋಡತೀನಿ. ಒಮ್ಮಿಯರ ಯಾರರ 'ನೋಡಾಕ ಬಾ' ಅನ್ನಬೇಕು." ಕನ್ನಡಿಯನ್ನು ಚಂಚಿಗೆ ಹಾಕುತ್ತ ಸೇರಿಸುತ್ತಾರೆ: "ಈ ಹೊಲಾ ಕೆಟ್ಟರ ಅದೂ ಹೋತ್ರಿ. ಕೂಲಿ ಹೆಣ್ಣಮಗಳ ಮಾತ ಕೇಳಿ ಕೆಟ್ಟೆ ಅಂತ ಊರೆಲ್ಲಾ ಹೇಳ್ಯಾಡತಾರ."

ಶಾಂತಪ್ಪನವರು ಅಂದೇ ಸಂಜೆ ಗಂಧಕ ಹೊಡೆದರು. ಎಂಟನೆಯ ದಿನ ಬೆಳಗ್ಗೆ ನಾನು ಮತ್ತೆ ಕರಜಗಿಯಲ್ಲಿ ಬಸ್ಸು ಇಳಿದು ನೆಟ್ಟಗೆ ಹೊಲಕ್ಕೇ ನಡೆದೆ. ಹೊಲದ ಹಳೆಯ ಎಲೆಗಳು ಮುದುಡಿಯೇ ಇವೆ. "ಅವು ನೆಟ್ಟಗಾಗಂಗಿಲ್ರಿ, ಹೊಸಾ ಕುಡಿ ನೋಡ್ರಿ," ಎನ್ನುತ್ತಾರೆ ನೀಲಾಬಾಯಿ. ಹೊಸ ಕುಡಿಗಳು ಚಪ್ಪಟೆಯಾಗಿ, ಹಸಿರಾಗಿ ಬಿಚ್ಚಿಕೊಂಡಿವೆ. ಹೂವು ನಿಂತಿದೆ. ಅರವತ್ತು ಎಲೆಗಳಲ್ಲಿ ನುಸಿ ಕಂಡದ್ದು ಮೂರರಲ್ಲಿ. ಬುಟ್ಟಿಯಿಂದ ಬಿಡುಗಡೆಯಾದ ಏಳು ಕೋಳಿಗಳು ಬದುವಿನ ಮೇಲೆ ಕೆದರುತ್ತಿವೆ. ಶಾಂತಪ್ಪನವರು ಹೊಗಳುವ ಪೈಕಿ ಅಲ್ಲ. ಚಹಾದ ಕಪ್ಪನ್ನು ತಾವೇ ತಂದು ನೀಲಾಬಾಯಿಯವರ ಕೈಗೆ ಕೊಡುತ್ತಾರೆ.

ಅಷ್ಟರಲ್ಲಿ ಪಕ್ಕದ ಹೊಲದ ಗುರುಸಿದ್ಧ ಬದುವಿನಾಚೆಯಿಂದ ಕೂಗುತ್ತಾರೆ: "ನೀಲಾಬಾಯಿ, ನಾಳಿ ಮುಂಜಾನೆ ನಮ್ಮ ಹೊಲಕ್ಕ ಬಾ ಯವ್ವಾ."

"ಹರಿಯಾಕೇನ್ರಿ? ನಿಮ್ಮವು ಕಾಯಿ ಇನ್ನಾ ಸಣ್ಣವು ಅದಾವಲ್ಲ?"

"ಹರಿಯಾಕಲ್ಲ, ನೋಡಾಕ!"

ನೀಲಾಬಾಯಿ ಚಹಾ ಕೆಳಗಿಡುತ್ತಾರೆ. ಸೆರಗಿನ ತುದಿಯಿಂದ ಕನ್ನಡಿ ಒರೆಸುತ್ತಾರೆ, ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳುತ್ತಾರೆ:

"ಕೇಳಿದ್ರ್ಯಾ? ನೋಡಾಕಂತ."