ತಗಡಿನ ಆಂಪ್ಲಿಫೈಯರ್ ಮತ್ತು ಭಾವನ ಕಿವಿ

ನನಗೆ ಕಿವಿ ಹೋಗಿದೆ ಎಂದು ನಮ್ಮ ಭಾವ ನಾಲ್ಕು ಮನೆಯವರ ಮುಂದೆ ಹೇಳಿದರು. ಅದಕ್ಕೆ ನಾನು ಸೇಡು ತೀರಿಸಿಕೊಂಡೆ. ಕಾನ್ವೆಂಟಿನಲ್ಲಿ ಓದಿದವಳು ನಾನು. ಎಂಟನೇ ಕ್ಲಾಸಿನಲ್ಲಿ ಫರ್ಗಿವ್‌ನೆಸ್ ಬಗ್ಗೆ ಪ್ರಬಂಧ ಬರೆದು ಪ್ರೈಜ್ ತೆಗೆದುಕೊಂಡವಳು. ಮದರ್ ಸುಪೀರಿಯರ್ ನನ್ನ ತಲೆ ಸವರಿದ್ದು ಇವತ್ತಿಗೂ ನೆನಪಿದೆ. ಆದರೂ ಇದನ್ನು ಬರೆಯಲು ಕೂತಾಗ ಪಶ್ಚಾತ್ತಾಪ ಹುಡುಕಿದರೆ ಸಿಗುತ್ತಿಲ್ಲ.

ಆಗ ನಾನು ಸ್ಕೂಲಿನ ಮ್ಯೂಸಿಕ್ ಟೀಚರ್ ಕೆಲಸದಿಂದ ರಿಟೈರ್ ಆಗಿ ಬಸವೇಶ್ವರನಗರದ ಒಂದು ಮಹಡಿ ಮನೆಯಲ್ಲಿದ್ದೆ. ನನ್ನವರು ಹೋಗಿ ಆರು ವರ್ಷವಾಗಿತ್ತು. ಹಾಲ್‌ನಲ್ಲಿ ಒಂದು ಹಳೆಯ ಪಿಯಾನೊ. ಸಂಜೆ ಏಳೆಂಟು ಮಕ್ಕಳು ಬರುತ್ತಿದ್ದವು. ಲಂಡನ್ನಿನಿಂದ ಎಗ್ಸಾಮಿನರ್ ಬಂದು ನಡೆಸುವ ಪರೀಕ್ಷೆಗೆ ಅವರನ್ನು ತಯಾರು ಮಾಡುತ್ತಿದ್ದೆ. ಆ ಪರೀಕ್ಷೆಯಲ್ಲಿ ಇಯರ್ ಟೆಸ್ಟ್ ಅಂತ ಒಂದಿರುತ್ತದೆ: ಮಗು ಪಿಯಾನೊಗೆ ಬೆನ್ನು ಮಾಡಿ ನಿಂತು, ಬಾರಿಸಿದ ಸ್ವರ ಮೇಲಿನದೋ ಕೆಳಗಿನದೋ ಹೇಳಬೇಕು. ಅದನ್ನು ಕಲಿಸುವವಳಿಗೆ ಕಿವಿ ಇಲ್ಲ ಅಂದರೆ ಮಿಕ್ಕಿದ್ದೇನು?

ಸ್ಕೂಲು ಬಿಡುವ ದಿನ ಹಳೆಯ ವಿದ್ಯಾರ್ಥಿನಿಯರೆಲ್ಲ ಸೇರಿ ನನಗೊಂದು ಹೆಡ್‌ಫೋನ್ ಕೊಟ್ಟಿದ್ದರು. ಎರಡು ಬಟ್ಟಲಿನಷ್ಟು ದೊಡ್ಡದು, ಹಿಂದೆ ಜಾಲರಿ, ಒಳಗೆ ವೆಲ್ವೆಟ್ಟು. ಕ್ಲಾಸಿನಲ್ಲಿ ಯಾವಾಗಲೋ ನಾನು, “ಹಾಡುವವರು ಉಸಿರು ತೆಗೆದುಕೊಳ್ಳುವುದು ಕೇಳಿಸಬೇಕು ಗರ್ಲ್ಸ್, ಆಗಲೇ ಹಾಡು” ಎಂದಿದ್ದೆನಂತೆ. ಆ ಮಾತು ಇಟ್ಟುಕೊಂಡು ಹುಡುಕಿ ತಂದಿದ್ದರು. ಮನೆಗೆ ತಂದು ಸಿ.ಡಿ. ಪ್ಲೇಯರಿಗೆ ಸಿಕ್ಕಿಸಿದರೆ, ದನಿ ಪಕ್ಕದ ಮನೆಯ ರೇಡಿಯೊ ಥರ. ಬಲ್ಲವರನ್ನು ಕೇಳಿದಾಗ ಗೊತ್ತಾಯಿತು: ಇಂಥ ಹೆಡ್‌ಫೋನುಗಳನ್ನು ನುಡಿಸುವಷ್ಟು ಬಲ ಪ್ಲೇಯರಿನ ಮಾಮೂಲಿ ತೂತಿಗೆ ಇರುವುದಿಲ್ಲ, ಅದಕ್ಕೆಂದೇ ಒಂದು ಆಂಪ್ಲಿಫೈಯರ್ ಬೇಕು, ಡಿಸ್ಕಿನಲ್ಲಿ ಅಂಕಿಗಳಾಗಿ ಕೂತಿರುವುದನ್ನು ದನಿಯಾಗಿ ಬಿಡಿಸುವ ಕನ್ವರ್ಟರ್ ಇನ್ನೊಂದು ಬೇಕು.

ಇಷ್ಟು ತಿಳಿದದ್ದೇ ತಡ, ಭಾವ ಬಂದರು.

ಭಾವ ಅಂದರೆ ನಮ್ಮ ಅಕ್ಕನ ಗಂಡ. ರಾಜಾಜಿನಗರದಲ್ಲಿ ಮನೆ. ಸರ್ಕಾರಿ ಕಾರ್ಖಾನೆಯಲ್ಲಿ ಎಂಜಿನಿಯರಾಗಿ ರಿಟೈರಾದವರು. ಆ ಕಾಲದ ಕಾರ್ಖಾನೆಯವರಿಗೆ ಒಂದು ನಂಬಿಕೆ ಇತ್ತು: ಭಾರ ಇದ್ದದ್ದು ಒಳ್ಳೆಯದು. ಇಸ್ತ್ರಿಪೆಟ್ಟಿಗೆ, ಮಿಕ್ಸಿ, ಸ್ಟೆಬಿಲೈಜರ್, ಏನು ಕೊಳ್ಳಲು ಹೋದರೂ ಭಾವ ಮೊದಲು ಎರಡೂ ಕೈಯಲ್ಲಿ ಎತ್ತಿ ನೋಡುತ್ತಿದ್ದರು. ಭಾನುವಾರ ಬೆಳಿಗ್ಗೆ ಅವರ ಮೂವರು ಸ್ನೇಹಿತರು ಬಂದು ಹಾಲ್‌ನಲ್ಲಿ ಕೂತು ಹಾಡು ಕೇಳುತ್ತಿದ್ದರು. ಕೇಳುತ್ತಿದ್ದರು ಅನ್ನುವುದಕ್ಕಿಂತ ಭಾವ ಹೇಳುತ್ತಿದ್ದರು, ಅವರು ತಲೆ ಆಡಿಸುತ್ತಿದ್ದರು. ಅಕ್ಕ ಒಳಗೆ ಉಪ್ಪಿಟ್ಟು ಕೆದಕುತ್ತಿದ್ದಳು.

ಆ ದಿನ ಅವರು ತಮ್ಮ ಇಂಪೋರ್ಟೆಡ್ ಆಂಪ್ಲಿಫೈಯರನ್ನು ಮಗುವಿನ ಹಾಗೆ ಅವುಚಿಕೊಂಡು ನನ್ನ ಮೆಟ್ಟಿಲು ಹತ್ತಿ ಬಂದರು. ಜೊತೆಗೆ ಅದೇ ಮೂವರು.

“ಎತ್ತಿ ನೋಡು. ಎತ್ತಿ ನೋಡಮ್ಮ ಒಂದ್ಸಲ,” ಎಂದರು.

“ಭಾವ, ಇದು ಕೇಳೋದಕ್ಕೋ, ರುಬ್ಬೋದಕ್ಕೋ?”

ಸ್ನೇಹಿತರು ನಕ್ಕರು. ಅದು ನನ್ನ ತಪ್ಪು. ಭಾವನ ಮುಖ ಬಿಗಿಯಿತು. ಮೊದಲು ಪ್ಲೇಯರಿನ ತೂತಿನಲ್ಲಿ, ಆಮೇಲೆ ತಮ್ಮ ಪೆಟ್ಟಿಗೆಯಲ್ಲಿ ಹಾಡು ಹಾಕಿದರು. ಒಬ್ಬೊಬ್ಬರೂ ಹೆಡ್‌ಫೋನ್ ಹಾಕಿಕೊಂಡು ಆಹಾ ಎಂದರು. ನಾನು ಹಾಕಿಕೊಂಡು ಕೇಳಿ, “ಜೋರಾಗಿದೆ ಭಾವ. ಚೆನ್ನಾಗಿದೆ ಅಂತ ಹೇಳಲಾರೆ. ‘ಸ’ ಅಕ್ಷರ ಬಂದಾಗಲೆಲ್ಲ ಕಿವಿಗೆ ಚುಚ್ಚುತ್ತೆ, ಉಸಿರು ಕೇಳಿಸೋದೇ ಇಲ್ಲ,” ಎಂದೆ.

“ಅರವತ್ತೈದು ದಾಟ್ತಲ್ಲಮ್ಮ, ಕಿವಿ ಹೋಗಿದೆ ನಿಂಗೆ. ನ್ಯಾಚುರಲ್ ಅದು. ಬೇಜಾರು ಮಾಡ್ಕೋಬೇಡ.” ಎಲ್ಲರ ಮುಂದೆ, ಬಹಳ ಕರುಣೆಯಿಂದ ಹೇಳಿದರು. ಪೆಟ್ಟಿಗೆಯನ್ನು ನನ್ನ ಮನೆಯಲ್ಲೇ ಬಿಟ್ಟರು: “ಒಂದು ತಿಂಗಳು ಇಟ್ಕೊಂಡು ಕೇಳು. ಅಭ್ಯಾಸ ಆಗತ್ತೆ. ಇಂಥದ್ದೇ ತರಿಸಿಕೊಡ್ತೀನಿ.”

ಅಲ್ಲಿಗೇ ಮುಗಿದಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಮುಂದಿನ ವಾರ ನಮ್ಮ ಕಡೆಯವರ ಒಂದು ಗೃಹಪ್ರವೇಶ, ವಿಜಯನಗರದಲ್ಲಿ. ಭಾವ ಊಟದ ಪಂಕ್ತಿಯಲ್ಲಿ ಕೂತು, ಅಲ್ಲಿಗೆ ಬಂದಿದ್ದ ನನ್ನ ಶಿಷ್ಯರ ಅಪ್ಪಅಮ್ಮಂದಿರ ನಡುವೆ, “ಪಾಪ, ನಮ್ಮ ನಾದಿನಿಗೆ ಈಗ ಕಿವಿ ಸರಿಯಾಗಿ ಕೇಳ್ಸಲ್ಲ, ಹೇಳಿದ್ರೆ ಒಪ್ಪಲ್ಲ” ಎಂದರಂತೆ. ಸೋಮವಾರ ಒಂದು ಮಗು ಬರಲಿಲ್ಲ. ಗುರುವಾರದ ಹೊತ್ತಿಗೆ ನಾಲ್ಕು. ಒಬ್ಬ ತಾಯಿ ಮಾತ್ರ ಫೋನ್ ಮಾಡುವ ಸೌಜನ್ಯ ತೋರಿದಳು. “ಆಂಟಿ, ನೀವು ಸ್ವಲ್ಪ ರೆಸ್ಟ್ ತಗೊಳ್ಳಿ. ಹೆಲ್ತ್ ಮುಖ್ಯ ಅಲ್ವಾ?” ಎಂದಳು. ಅವಳ ಮಗಳು ನನ್ನ ಶಿಷ್ಯರಲ್ಲೇ ಒಳ್ಳೆಯ ಕಿವಿಯವಳು. ಪರೀಕ್ಷೆಗೆ ಎರಡು ತಿಂಗಳಿತ್ತು.

ಫೋನ್ ಇಟ್ಟು ಪಿಯಾನೊ ಮುಂದೆ ಕೂತೆ. ಆ ದಿನ ನನಗೆ ಅಳು ಬರಲಿಲ್ಲ. ಕಣ್ಣಿಗೆ ಕಂಡದ್ದು ಭಾವನ ಆ ಪೆಟ್ಟಿಗೆ, ನನ್ನ ಟೀಪಾಯಿಯ ಮೇಲೆ, ನನ್ನ ಮನೆಯಲ್ಲೇ, ಕಾಲು ಮೇಲೆ ಕಾಲು ಹಾಕಿಕೊಂಡು ಕೂತ ಹಾಗೆ. ಇದರಿಂದಲೇ ನಿಮಗೆ ಬುದ್ಧಿ ಕಲಿಸುತ್ತೇನೆ ಎಂದುಕೊಂಡೆ.

ನಮ್ಮ ಸ್ಕೂಲಿನ ಮೈಕ್ ಸೆಟ್ ರಿಪೇರಿ ಆಗುತ್ತಿದ್ದದ್ದು ಕಾಮಾಕ್ಷಿಪಾಳ್ಯದ ಒಂದು ಶೆಡ್ಡಿನಲ್ಲಿ. ಗಾರ್ಮೆಂಟ್ ಫ್ಯಾಕ್ಟರಿಯ ಹಿಂದಿನ ಗಲ್ಲಿ. ಗಂಡ ಆಂಪ್ಲಿಫೈಯರ್ ಮಾಡುತ್ತಿದ್ದ, ಹೆಂಡತಿ ಅದರ ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತುತ್ತಿದ್ದಳು. ಗದಗದ ಕಡೆಯವರು. ಮೈಕ್ ಸೆಟ್ಟಿನಲ್ಲಿ ಗುಂಯ್ ಅನ್ನುವ ಸದ್ದು ಎಲ್ಲಿಂದ ಬರುತ್ತಿದೆ ಎಂದು ಗಂಡನಿಗಿಂತ ಮೊದಲು ಅವಳೇ ಹೇಳುತ್ತಿದ್ದಳು. ನಾನು ಹೋದಾಗ ಅವಳೊಬ್ಬಳೇ ಇದ್ದಳು. ಎಲ್ಲ ಹೇಳಿದೆ. ಅವಳು ಸುತ್ತುವ ಕೈ ನಿಲ್ಲಿಸಲಿಲ್ಲ. ಸುತ್ತು ಎಣಿಸುತ್ತಿದ್ದಳೋ ಏನೋ, ಮುಗಿಸಿ ತಂತಿ ಕತ್ತರಿಸಿದ ಮೇಲೆ ಮಾತಾಡಿದಳು.

“ಅಮ್ಮಾರ, ಅವರು ಜೋರು ಇಟ್ಟು ಕೇಳಿಸ್ಯಾರ. ಜೋರಿದ್ದದ್ದು ಯಾವಾಗ್ಲೂ ಚಲೋನ ಅನಸ್ತದ್ರೀ. ನಮ್ಮಲ್ಲಿ ಮೈಕ್ ತಗೊಳ್ಳಾಕ ಬರೋ ಮಂದೀನೂ ಹಂಗ. ಎರಡರದೂ ಜೋರು ಒಂದ ಸಮ ಇಟ್ಟು ಕೇಳ್ರಿ.”

“ಒಂದೇ ಸಮ ಅಂತ ಹೇಗೆ ಗೊತ್ತಾಗೋದು? ಕಿವೀಲೇನಾ?”

“ಕಿವಿ ಸುಳ್ಳು ಹೇಳ್ತದ್ರಿ. ಮೀಟರ್ ಹಚ್ಚಬೇಕು.”

ಒಂದೇ ಸ್ವರ ನಿಲ್ಲದೆ ಬರುವ ಟೆಸ್ಟ್ ಡಿಸ್ಕ್ ಹಾಕಿ, ಹೆಡ್‌ಫೋನಿಗೆ ಹೋಗುವ ಕಡೆ ಮೀಟರ್ ಹಿಡಿದು, ಎರಡೂ ಪೆಟ್ಟಿಗೆಗೆ ಮೀಟರಿನ ಮುಳ್ಳು ಒಂದೇ ಗೆರೆಗೆ ಬರುವವರೆಗೆ ಗುಂಡಿ ತಿರುಗಿಸಿ, ಅಲ್ಲಾಡದ ಹಾಗೆ ಟೇಪ್ ಅಂಟಿಸಬೇಕು. ಶೆಡ್ಡಿನಲ್ಲಿದ್ದ ಎರಡು ಆಂಪ್ಲಿಫೈಯರ್ ಇಟ್ಟು ಅವಳೇ ಮಾಡಿ ತೋರಿಸಿದಳು. ಎರಡು ಪೆಟ್ಟಿಗೆಗಳ ನಡುವೆ ಬದಲಾಯಿಸಲು ಒಂದು ಸ್ವಿಚ್ಚನ್ನು ಸೋಪಿನ ಡಬ್ಬಿಯಲ್ಲಿ ಕೂರಿಸಿ, ಆ ಮೀಟರು, ಡಿಸ್ಕು ಕೂಡ ಕೊಟ್ಟಳು. ಜೊತೆಗೆ ಅವಳ ಗಂಡ ಯಾರೋ ಕಾಲೇಜಿನವರಿಗೆಂದು ಮಾಡಿ, ಅವರು ಬಾರದೆ ಉಳಿದಿದ್ದ ಒಂದು ಹೆಡ್‌ಫೋನ್ ಆಂಪ್ಲಿಫೈಯರು. ತಗಡಿನ ಪೆಟ್ಟಿಗೆ, ಬೂದು ಬಣ್ಣ, ಒಂದೇ ಕೈಯಲ್ಲಿ ಎತ್ತಬಹುದು. ಅದರ ಟ್ರಾನ್ಸ್‌ಫಾರ್ಮರ್ ತಾನೇ ಸುತ್ತಿದ್ದು ಎಂದು ಹೇಳುವಾಗ ಮಾತ್ರ ಅವಳು ತಲೆ ಎತ್ತಿದಳು.

ಹತ್ತು ದಿನ ನಾನು ಬೇರೆ ಕೆಲಸ ಮಾಡಲಿಲ್ಲ. ಪಾಠಕ್ಕೆ ಉಳಿದಿದ್ದದ್ದೇ ಮೂರ್ನಾಲ್ಕು ಮಕ್ಕಳು. ಅಂಗಡಿಯಿಂದ ಎರಡು ಕನ್ವರ್ಟರ್ ಮನೆಗೆ ತಂದು ಕೇಳಿದೆ. ನಿಜ ಹೇಳಬೇಕೆಂದರೆ ಅವುಗಳ ನಡುವೆ ನನಗೆ ಕಂಡ ವ್ಯತ್ಯಾಸ ಕೂದಲೆಳೆಯಷ್ಟು. ದೀಪ ಕಣ್ಣಿಗೆ ಹೊಡೆಯದ ಚಿಕ್ಕದನ್ನು ಇಟ್ಟುಕೊಂಡೆ. ಆಂಪ್ಲಿಫೈಯರುಗಳ ಮಾತು ಬೇರೆ. ಒಂದೇ ಸಮ ಇಟ್ಟ ಕೂಡಲೇ ಭಾವನ ಪೆಟ್ಟಿಗೆಯ ಗತ್ತೆಲ್ಲ ಇಳಿದುಹೋಯಿತು. ಆ ‘ಸ’ ಮಾತ್ರ ಚುಚ್ಚುತ್ತಲೇ ಇತ್ತು. ತಗಡಿನದರಲ್ಲಿ, ನಾನು ನಲವತ್ತು ವರ್ಷದಿಂದ ಕೇಳುತ್ತಿದ್ದ ಒಬ್ಬ ಗಾಯಕಿ ಎರಡನೇ ಸಾಲಿಗೆ ಮೊದಲು ಉಸಿರು ತೆಗೆದುಕೊಂಡದ್ದು ಕೇಳಿಸಿತು. ಇನ್ನೂ ಸ್ವಲ್ಪ ಕಾದರೆ, ತುಟಿ ಬಿಡಿಸಿದ್ದೂ ಕೇಳಿಸಿತು. ನನ್ನವರು ಇದ್ದಿದ್ದರೆ ಹೆಡ್‌ಫೋನ್ ಕಿತ್ತು ಅವರ ಕಿವಿಗೆ ಇಟ್ಟಿರುತ್ತಿದ್ದೆ.

ಇನ್ನೊಂದು ವಿಷಯವನ್ನೂ ಆ ಟೆಸ್ಟ್ ಡಿಸ್ಕ್ ಹೇಳಿತು. ಅದರಲ್ಲಿ ಒಂದು ಸ್ವರ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹೋಗುತ್ತದೆ. ಹನ್ನೊಂದನೇ ಮೆಟ್ಟಿಲಿನ ಮೇಲೆ ನನಗೆ ಏನೂ ಇಲ್ಲ. ಗೋಡೆ. ಹುಡುಗಿಯಾಗಿದ್ದಾಗ ಕೇಳುತ್ತಿದ್ದದ್ದು ಎಷ್ಟೋ ಹೋಗಿದೆ ಎಂದು ತಿಳಿದು ಆ ಸಂಜೆ ಮಂಕಾಗಿ ಕೂತಿದ್ದೆ. ಆಮೇಲೆ ಯೋಚನೆ ಬಂತು: ನನಗಿಂತ ಭಾವ ಒಂಬತ್ತು ವರ್ಷ ದೊಡ್ಡವರು. ಅದರ ಮೇಲೆ ಮೂವತ್ತು ವರ್ಷ ಪ್ರೆಸ್ ಶಾಪಿನಲ್ಲಿ, ತಗಡು ಬಡಿಯುವ ಯಂತ್ರಗಳ ಗದ್ದಲದಲ್ಲಿ ದುಡಿದವರು.

ಭಾನುವಾರ ಎರಡೂ ಪೆಟ್ಟಿಗೆ ಆಟೋದಲ್ಲಿ ಹಾಕಿಕೊಂಡು ರಾಜಾಜಿನಗರಕ್ಕೆ ಹೋದೆ. ಬಾಗಿಲಲ್ಲೇ ದನಿ ತಗ್ಗಿಸಿ, “ಭಾವ, ನನ್ನ ಕಿವೀನ ನಂಬೋಕಾಗ್ತಿಲ್ಲ. ಯಾವುದು ಇಟ್ಕೊಳ್ಲಿ, ನೀವೇ ಕೇಳಿ ಹೇಳಿ,” ಎಂದೆ. ಭಾವ ಎದೆ ಮುಂದೆ ಮಾಡಿ ಕುರ್ಚಿ ಎಳೆದುಕೊಂಡರು.

ನಮ್ಮ ಮನೆಗಳಲ್ಲಿ ಟಿ.ವಿ.ಗೆ, ಮಿಕ್ಸಿಗೆ, ಟೆಲಿಫೋನಿಗೆ ಕ್ರೋಶಾ ಹೊದಿಕೆ ಇಲ್ಲದಿದ್ದರೆ ಹೆಂಗಸರಿಗೆ ಸಮಾಧಾನವಿಲ್ಲ. ಕ್ರೋಶಾ ಕಾನ್ವೆಂಟಿನಲ್ಲಿ ಕಲಿತದ್ದು. ಎರಡು ಪೆಟ್ಟಿಗೆಗೂ ನೆಲದವರೆಗೆ ಇಳಿಯುವ ಹೊದಿಕೆ ಹೊದಿಸಿದೆ.

“ಬಿಸಿಯಾಗತ್ತೆ, ತೆಗಿ ಅದನ್ನ,” ಎಂದರು ಭಾವ.

“ಅರ್ಧ ಗಂಟೆಗೆ ಏನಾಗಲ್ಲ ಭಾವ. ನೋಡಿದ್ರೆ ಕಣ್ಣು ಕೇಳತ್ತೆ, ಕಿವಿ ಅಲ್ಲ.”

ಮೀಟರಿಟ್ಟು ಸಮ ಮಾಡಿದ್ದೇನೆಂದು ಹೇಳಿದೆ. ಬ್ಯಾಂಕಿನಿಂದ ರಿಟೈರಾದ ಸ್ನೇಹಿತರೊಬ್ಬರು ಬಗ್ಗಿ ಮುಳ್ಳು ನೋಡಿ ಹೌದೆಂದರು. ಸ್ವಿಚ್ ಆ ಬ್ಯಾಂಕಿನವರ ಕೈಗೇ ಕೊಟ್ಟೆ. ಭಾವ ಕಣ್ಣು ಮುಚ್ಚಿ ಕೇಳಿದರು. ಐದು ಸಲ ಬದಲಾಯಿಸಿದ ಮೇಲೆ ಬೆರಳೆತ್ತಿ, “ಇದು. ಈ ಬಾಸ್ ನೋಡಿ, ಈ ವೆಯ್ಟು. ಇದು ನನ್ನ ಪೆಟ್ಟಿಗೆ,” ಎಂದರು. ಆಗ ನುಡಿಯುತ್ತಿದ್ದ ಪೆಟ್ಟಿಗೆಯ ಹೊದಿಕೆ ತೆಗೆದೆ. ಬೂದು ತಗಡು. ಕಾಮಾಕ್ಷಿಪಾಳ್ಯದ್ದು ಎಂದೆ. ಸ್ನೇಹಿತರಲ್ಲಿ ಒಬ್ಬರು ಕೆಮ್ಮಿದರು. ಅಕ್ಕ ಅಡುಗೆಮನೆ ಬಾಗಿಲಿಗೆ ಬಂದು ನಿಂತಿದ್ದಳು.

ಅಷ್ಟಕ್ಕೇ ಏಳಬಹುದಾಗಿತ್ತು. ಎದ್ದಿದ್ದರೆ ಅದು ತಮಾಷೆಯಾಗಿ ಉಳಿಯುತ್ತಿತ್ತು. ನನ್ನ ನಾಲ್ಕು ಮಕ್ಕಳ ಖಾಲಿ ಕುರ್ಚಿ ಕಣ್ಣ ಮುಂದಿತ್ತು; ನಾನು ಏಳಲಿಲ್ಲ.

“ನಂದು ಕಿವಿ ಹೋಗಿದೆ ಅಂದ್ರಲ್ಲ, ಅದನ್ನೂ ನೋಡೇ ಬಿಡೋಣ,” ಎಂದು ಮೆಟ್ಟಿಲಿನ ಸ್ವರ ಹಾಕಿಸಿದೆ. ಹೆಡ್‌ಫೋನ್ ಹಾಕಿಕೊಂಡು ಪ್ಲೇಯರಿಗೆ ಬೆನ್ನು ಮಾಡಿ ಕೂತು, ಕೇಳುವವರೆಗೆ ಕೈ ಎತ್ತಿರಬೇಕು. ಮೊದಲು ನಾನೇ ಕೂತೆ. ಹನ್ನೊಂದಾದ ಮೇಲೆ ಕೈ ಇಳಿಸಿ, “ಇನ್ನು ನನಗಿಲ್ಲ,” ಎಂದೆ. ಆಮೇಲೆ ಭಾವ. ಅವರ ಕೈ ನನ್ನದಕ್ಕಿಂತ ಎತ್ತರ. ಎಂಟು, ಒಂಬತ್ತು, ಹತ್ತು. ಹನ್ನೊಂದಕ್ಕೆ ನಾನು ಸುಮ್ಮನೆ ಪಾಜ್ ಗುಂಡಿ ಒತ್ತಿದೆ. ಪ್ಲೇಯರ್ ನಿಂತಿತು. ಮೂವರು ಸ್ನೇಹಿತರಿಗೂ ಅದರ ಪುಟ್ಟ ಪರದೆ ಕಾಣುತ್ತಿತ್ತು. ಭಾವನ ಕೈ ಮೇಲೇ ಇತ್ತು.

“ಹನ್ನೆರಡು ಭಾವ, ಕೇಳ್ತಿದೆಯಾ?” ಎಂದು ಗಟ್ಟಿಯಾಗಿ ಕೂಗಿದೆ.

“ಕೇಳ್ತಿದೆ.”

“ಹದಿಮೂರು?”

“ಕ್ರಿಸ್ಟಲ್ ಕ್ಲಿಯರ್.”

ಹದಿನಾರರವರೆಗೆ ಕರೆದುಕೊಂಡು ಹೋದೆ. ಆಮೇಲೆ ಮುಂದೆ ಹೋಗಿ ನಿಂತು, ಹೆಡ್‌ಫೋನನ್ನು ನಾನೇ ಅವರ ಕಿವಿಯಿಂದ ತೆಗೆದು, “ನಿಲ್ಲಿಸಿ ಐದು ನಿಮಿಷ ಆಯ್ತು ಭಾವ,” ಎಂದೆ. ಬ್ಯಾಂಕಿನವರು ತಡೆದುಕೊಂಡಿದ್ದ ನಗು ಬಿಟ್ಟುಬಿಟ್ಟರು. ಭಾವ ತಿರುಗಿ ಪ್ಲೇಯರ್ ನೋಡಿದರು, ನನ್ನನ್ನು ನೋಡಿದರು, ಎತ್ತಿದ್ದ ಕೈಯನ್ನು ಇಳಿಸಲು ಮರೆತೇ ಬಿಟ್ಟಿದ್ದರು. ನನ್ನ ಹೊಟ್ಟೆ ತಣ್ಣಗಾಯಿತು.

ಅಕ್ಕ ನನ್ನನ್ನು ಗೇಟಿನವರೆಗೆ ಕಳಿಸಲು ಬಂದಳು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, “ಎರಡು ವರ್ಷದಿಂದ ಎಲ್ಲಾನೂ ಮೂರು ಸಲ ಹೇಳ್ತಾ ಇದೀನಿ ಕಣೇ ಅವರಿಗೆ. ನಂಗೊಬ್ಬಳಿಗೇ ಗೊತ್ತಿತ್ತು. ಈಗ ಊರಿಗೆಲ್ಲ ಗೊತ್ತಾಯ್ತು,” ಎಂದಳು.

“ನನ್ನದು ಊರಿಗೆ ಹೇಳಿದಾಗ ನೀನು ಅಲ್ಲೇ ಇದ್ಯಲ್ಲ ಅಕ್ಕ, ಪಂಕ್ತೀಲಿ. ಏನು ಬಡಿಸ್ತಾ ಇದ್ದೆ ಆಗ?”

ಅವಳು ಗೇಟಿನ ಚಿಲಕ ತೆಗೆದು ಮತ್ತೆ ಹಾಕಿದಳು. “ಇವರು ಮೂವರೂ ಬಾಯಿ ಬಿಡದ ಹಾಗೆ ನೋಡ್ಕೋತೀನಿ. ನೀನೂ ಎಲ್ಲೂ ಹೇಳ್ಬೇಡ್ವೇ. ಅವರಿಗೆ ಇರೋದು ಆ ಭಾನುವಾರ ಒಂದೇ.”

“ಹೇಳಲ್ಲ. ಆದರೆ ಆ ನಾಲ್ಕು ಮನೆಗೂ ಭಾವನೇ ಫೋನ್ ಮಾಡಬೇಕು. ನೀನಲ್ಲ, ಅವರು. ‘ನಾನು ಹೇಳಿದ್ದು ತಪ್ಪು’ ಅಂತ ಅವರ ಬಾಯಲ್ಲೇ ಬರಬೇಕು.”

“ಫೋನಲ್ಲಿ ಅವರಿಗೆ ಏನೂ ಕೇಳ್ಸಲ್ಲ ಕಣೇ.”

“ಕೇಳಿಸಿಕೊಳ್ಳೋದು ಬೇಡ. ಹೇಳಿದರೆ ಸಾಕು.”

ಬುಧವಾರ ಆ ತಾಯಿಯ ಫೋನ್ ಬಂತು. “ಆಂಟಿ, ಸಾರಿ. ನಿಮ್ಮ ಭಾವ ಫೋನ್ ಮಾಡಿದ್ರು. ಪಾಪ, ಎಷ್ಟು ಜೋರಾಗಿ ಕಿರುಚ್ತಾ ಇದ್ರು ಅಂದ್ರೆ, ನಾನು ಮಾತಾಡಿದ್ದು ಅವರಿಗೆ ಒಂದೂ ಗೊತ್ತಾಗ್ತಿರಲಿಲ್ಲ. ನಿಮ್ಮ ಕಿವಿ ಚೆನ್ನಾಗಿದೆ, ನಾನು ತಪ್ಪು ಹೇಳಿದೆ, ಅಷ್ಟೇ ಹೇಳ್ತಾ ಇದ್ರು.”

ನನಗೆ ಆಗ ಸಂಕಟವಾಗಬೇಕಿತ್ತು. ರಿಸೀವರ್ ಕಿವಿಗೆ ಒತ್ತಿ ಹಿಡಿದುಕೊಂಡು, “ಎಷ್ಟು ಸಲ ಹೇಳಿದರು?” ಎಂದು ಕೇಳಿದೆ.

“ಮೂರು ಸಲ ಇರ್ಬೇಕು ಆಂಟಿ. ಯಾಕೆ?”

“ಏನಿಲ್ಲ. ಪಾಪುನ ನಾಳೆಯಿಂದಲೇ ಕಳಿಸಿ. ನಾಲ್ಕೂವರೆಗೆ. ಲೇಟ್ ಮಾಡಬೇಡಿ,” ಎಂದೆ.