ಜಪದಲ್ಲಿ ಬಿಟ್ಟ ಹೆಸರು

ಯೂನಿಯನ್ ಸಿಟಿಯ ಆ ಅಪಾರ್ಟ್‌ಮೆಂಟಿನಲ್ಲಿ ಮುದುಕ ಮ್ಯಾಲಕಿಯನ್ನು ಮಾತಾಡಿಸುವ ಧೈರ್ಯ ಯಾರಿಗೂ ಇರಲಿಲ್ಲ. ಐರ್ಲೆಂಡಿನವನು, ಆಯಸ್ಸೆಲ್ಲ ಸ್ಯಾನ್ ಫ್ರಾನ್ಸಿಸ್ಕೊ ಬಂದರಿನಲ್ಲಿ ಮೂಟೆ ಹೊತ್ತವನು. ದೇವರು ಗೀವರು ಎಂದರೆ ಮೈಯೆಲ್ಲ ಉರಿ. ಬಿಸಿಲು ಜಾಸ್ತಿಯಾದರೂ ಬೈಯುತ್ತಿದ್ದ, ಕಮ್ಮಿಯಾದರೂ ಬೈಯುತ್ತಿದ್ದ. ಆದರೆ ಪಕ್ಕದ ಮನೆಯ ವಸುಧಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಮಾತ್ರ ಟಿವಿ ಆರಿಸಿ, ಗೋಡೆಗೆ ಕಿವಿಗೊಟ್ಟು ಕೂರುತ್ತಿದ್ದ. ಅವಳ ಮಗಳು ನಿರುಪಮಾ ಶ್ಲೋಕ ಮುಗಿಸಿ ಏನೇನೋ ಹೆಸರು ಒಪ್ಪಿಸುತ್ತಿದ್ದಳು.

"ಅದೇನಮ್ಮಾ ದಿನಾ?" ಎಂದು ಒಮ್ಮೆ ಕೇಳಿಯೇಬಿಟ್ಟ.

"ಊರಲ್ಲಿರೋರನ್ನೆಲ್ಲ ಹೆಸರು ಹೇಳಿ ಕಾಪಾಡಪ್ಪಾ ಅಂತ ಕೇಳ್ಕೋತಾಳೆ. ಇಲ್ಲಾಂದ್ರೆ ಮರ್ತೇಬಿಡ್ತಾಳೆ," ಎಂದಳು ವಸುಧಾ.

ಮ್ಯಾಲಕಿಯ ಮುಖ ಸಪ್ಪಗಾಯಿತು. ಬಾಗಿಲು ಹಾಕಿಕೊಂಡ.

ಐರ್ಲೆಂಡಿನಲ್ಲಿ ಅವನ ಮನೆಯಲ್ಲೂ ಹಾಗೇ ಇತ್ತು. ಸಂಜೆ ಎಲ್ಲರೂ ಮಂಡಿಯೂರಿ ಜಪಸರ ಎಣಿಸುವುದು. ಕೊನೆಗೆ ಅಪ್ಪ ಒಬ್ಬೊಬ್ಬರ ಹೆಸರು ಹೇಳಿ, ಅವರಿಗೊಂದು ಪ್ರಾರ್ಥನೆ. ಮೂವತ್ತರ ದಶಕದ ಮಾತು. ಪ್ರಾಯದ ಮ್ಯಾಲಕಿ ಊರ ಕೂಲಿಯವರಿಗೆಂದು ಒಂದು ಓದುವ ಕೋಣೆ ತೆರೆದಿದ್ದ. ಅಲ್ಲಿ ರಷ್ಯಾದ ಕ್ರಾಂತಿಯ ನಾಲ್ಕಾರು ಪುಸ್ತಕಗಳಿದ್ದವು. ಅಷ್ಟೇ ಸಾಕಾಯಿತು. ಭಾನುವಾರದ ಪೂಜೆಯಲ್ಲಿ ಪಾದ್ರಿ ಅವನ ಹೆಸರು ಹಿಡಿದು, "ಈ ಕಮ್ಯುನಿಸ್ಟನಿಗೆ ಇಲ್ಲಿ ಜಾಗವಿಲ್ಲ, ರಷ್ಯಾಕ್ಕೆ ಹೋಗಲಿ" ಎಂದ. ಮಧ್ಯಾಹ್ನಕ್ಕೆ ಊರಿಗೆ ಊರೇ ಬಂದು ಕೋಣೆಗೆ ಬೆಂಕಿಯಿಟ್ಟಿತು. ದೇವರ ಹಾಡು ಹಾಡುತ್ತ, ನೋಡಿ! ಅದನ್ನೂ ಅವನು ತಡೆದುಕೊಂಡ. ಆದರೆ ಅಂದಿನ ಜಪದ ಕೊನೆಗೆ ಅಪ್ಪ ಎಲ್ಲರ ಹೆಸರೂ ಹೇಳಿ ಅವನದನ್ನು ಬಿಟ್ಟ. ಮಂಡಿಯೂರಿದ್ದಲ್ಲಿಂದಲೇ ಮ್ಯಾಲಕಿ ಅಮ್ಮನ ಕಡೆ ನೋಡಿದ. ಅಮ್ಮ ತಲೆ ಎತ್ತಲಿಲ್ಲ.

ಬೆಳಗಾಗುವುದರೊಳಗೆ ಮನೆ ಬಿಟ್ಟ. ಎಲ್ಲಿಗೆಂದು ಹೇಳಲಿಲ್ಲ, ಆಮೇಲೆ ಒಂದು ಸಾಲೂ ಬರೆಯಲಿಲ್ಲ. ನನ್ನ ಹೆಸರು ಬೇಡವಾದವರಿಗೆ ನನ್ನ ವಿಳಾಸ ಯಾಕೆ ಎಂಬ ಹಟ. ಅಮ್ಮ ತೀರಿಹೋದದ್ದು ಬಂದರಿನಲ್ಲಿ ಸಿಕ್ಕ ಊರ ಕಡೆಯವನೊಬ್ಬನ ಬಾಯಿಂದ ಗೊತ್ತಾಯಿತು. ದೇವರನ್ನು ನಂಬದ ಮನುಷ್ಯನಿಗೆ ಉಳಿದದ್ದು ಒಂದೇ ಕೊರಗು: ಆಮೇಲಾದರೂ ಅಮ್ಮ ಜಪದಲ್ಲಿ ತನ್ನ ಹೆಸರು ಸೇರಿಸಿದಳೇ?

ಎದೆಯ ಕಾಯಿಲೆಗೆ ಡಾಕ್ಟರು ಕೈಚೆಲ್ಲಿದ ಮೇಲೆ ವಸುಧಾಳೇ ಗಂಟುಬಿದ್ದು ಊರಲ್ಲಿದ್ದ ಅವನ ತಂಗಿ ಡೀಲಿಯಾಗೆ ಕಾಗದ ಬರೆಸಿದಳು. 1986ರ ಬೇಸಿಗೆಯಲ್ಲಿ ಡೀಲಿಯಾ ಉಣ್ಣೆಯ ಕೋಟು ತೊಟ್ಟು, ಬೆವರುತ್ತ ಬಂದಿಳಿದಳು. ಇಬ್ಬರೂ ಅತ್ತರು, ಟೀ ಕುಡಿದರು, ಸತ್ತವರ ಸುದ್ದಿಯೆಲ್ಲ ಆಯಿತು. ಎರಡನೆಯ ಸಂಜೆ ಅವನಿಗೆ ತಡೆಯಲಾಗಲಿಲ್ಲ.

"ಅಮ್ಮ ಜಪದಲ್ಲಿ ನನ್ನ ಹೆಸರು ಹೇಳ್ತಿದ್ಲಾ?"

ಡೀಲಿಯಾ ಒಂದು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಇಲ್ಲ ಕಣೋ. ಅಪ್ಪ ಬಿಡ್ತಿರ್ಲಿಲ್ಲ."

ಮ್ಯಾಲಕಿ ಗೋಡೆಯ ಕಡೆ ಮಗ್ಗುಲಾದ.

"ಆದ್ರೆ ನೀನು ಹೋದ್ಮೇಲೆ ಅಮ್ಮ ಹೊಸದೊಂದು ಶುರು ಹಚ್ಕೊಂಡ್ಲು. ಎಲ್ಲರದ್ದೂ ಆದ್ಮೇಲೆ 'ರಷ್ಯಾಗೊಂದು' ಅನ್ನೋಳು. ಆಗ ಚರ್ಚಲ್ಲೂ ರಷ್ಯಾ ದೇವರ ದಾರಿಗೆ ಬರ್ಲಿ ಅಂತ ಇಡೀ ದೇಶಾನೇ ಕೇಳ್ಕೋತಿತ್ತಲ್ಲ, ಅಪ್ಪನಿಗೆ ಬೇಡ ಅನ್ನೋಕಾಗ್ಲಿಲ್ಲ. ಒಂದು ದಿನಾನೂ ತಪ್ಪಿಸ್ಲಿಲ್ಲ ಅವಳು."

"ರಷ್ಯಾ ಕಟ್ಕೊಂಡು ನನಗೇನೇ ಆಗಬೇಕು?"

"ನಾನೂ ಬರೀ ಭಕ್ತಿ ಅಂದ್ಕೊಂಡಿದ್ದೆ. ಸಾಯೋ ದಿನ ನನ್ನ ಕೈ ಹಿಡ್ಕೊಂಡು ಕೇಳಿದ್ಲು: 'ರಷ್ಯಾದಲ್ಲಿ ವಿಪರೀತ ಚಳಿಯಂತೆ. ಮ್ಯಾಲಕಿ ಹೋಗೋವಾಗ ಕೋಟು ತಗೊಂಡಿದ್ನಾ?' ಪಾದ್ರಿ ಹೋಗು ಅಂದ್ರಲ್ಲ, ನೀನು ಅಲ್ಲಿಗೇ ಹೋಗಿದೀಯ ಅಂತ ನಂಬಿಬಿಟ್ಟಿದ್ಲು ಕಣೋ."

ಮ್ಯಾಲಕಿ ಎದ್ದು ಕೂತ. ಕಿಟಕಿಯಿಂದ ಇಳಿಬಿಸಿಲು ಇನ್ನೂ ಬೆಚ್ಚಗೆ ಹಾಸಿಗೆಯ ಮೇಲೆ ಬಿದ್ದಿತ್ತು. ಗೋಡೆಯಾಚೆ ನಿರುಪಮಾ ಹೆಸರುಗಳನ್ನು ಶುರುಮಾಡಿದ್ದಳು.

"ಇಲ್ಲಿ ಚಳೀನೇ ಇಲ್ಲ ಡೀಲಿಯಾ," ಎಂದ. "ಒಂದು ಕಾರ್ಡು ಹಾಕಿದ್ರೆ ಆಗ್ತಿತ್ತು."