ತಡಸ ಕ್ರಾಸಿನ ಬುತ್ತಿ

ಮೊನ್ನೆ ಮಗಳು ಅಡುಗೆಮನೆಯ ಅಟ್ಟದಿಂದ ಒಂದು ಅಲ್ಯುಮಿನಿಯಂ ಡಬ್ಬಿ ಇಳಿಸಿಕೊಂಡು ಬಂದಳು. ಮುಚ್ಚಳದ ಮೇಲೆ ಕೆಂಪು ಬಣ್ಣದಲ್ಲಿ ನನ್ನ ಹೆಸರಿದೆ, ಅಕ್ಷರಗಳು ಅರ್ಧ ಉದುರಿವೆ. ತೆರೆದು ಮೂಸಿದೆ. ಎಷ್ಟು ತಿಕ್ಕಿದರೂ ಹೋಗದ ಅಗಸಿ ಬೀಜದ ಚಟ್ನಿಯ ವಾಸನೆ... ಅಥವಾ ನನಗೆ ಹಾಗನ್ನಿಸಿತೋ ಏನೋ. ಇದು ಯಾರದು ಎಂದು ಅವಳು ಕೇಳಿದಳು. ನನ್ನದೇ ಎಂದೆ. ಹೇಳಬೇಕಾದದ್ದು ಇನ್ನೂ ಬಹಳ ಇತ್ತು.

ಶಿಗ್ಗಾಂವಿಯಲ್ಲಿ ನಮ್ಮ ಬಾಜೂ ಮನೆಯವರು ಬಸ್ ಕಂಡಕ್ಟರ್. ಓಣಿಗೆಲ್ಲ ಅವರು ಕಂಡಕ್ಟರ್ ಕಾಕಾ. ನಾನು ಹುಬ್ಬಳ್ಳಿಯಲ್ಲಿ ರೂಮು ಮಾಡಿಕೊಂಡು ಕಾಲೇಜು ಓದುತ್ತಿದ್ದಾಗ ಅವ್ವ ದಿನಾ ಬೆಳಿಗ್ಗೆ ರೊಟ್ಟಿ, ಪಲ್ಯ, ಚಟ್ನಿ ಕಟ್ಟಿ ಅವರ ಬಸ್ಸಿಗೆ ಕೊಡುತ್ತಿದ್ದಳು. ಸುತ್ತಲಿನ ಊರುಗಳ ಹುಡುಗರ ಬುತ್ತಿಯೆಲ್ಲ ಆಗ ಹೀಗೇ ಬರುತ್ತಿತ್ತು. ಬೇರೆ ಬಸ್ಸಿನವರು ಬುತ್ತಿಗಳನ್ನು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದರು. ನಾಯಿ ಎಳೆದರೆ ಅವತ್ತು ಉಪವಾಸ. ಕಾಕಾ ಮಾತ್ರ ನನ್ನ ಕೈಗೇ ಕೊಡಬೇಕು. ನಾನು ಏಳುವುದು ತಡವಾದರೆ ಚಹಾ ಕುಡಿಯಲೂ ಹೋಗದೆ ಬಸ್ಸಿನ ಬಾಗಿಲಲ್ಲೇ ನಿಂತಿರುತ್ತಿದ್ದರು. ತುಂಬಿದ ಡಬ್ಬಿ ನನಗೆ, ಹಿಂದಿನ ದಿನದ ಖಾಲಿ ಡಬ್ಬಿ ಅವರಿಗೆ. ಮೂರು ವರ್ಷ ಹೀಗೆ ನಡೆಯಿತು.

ಮುಂದೆ ಹುಬ್ಬಳ್ಳಿಯಲ್ಲೇ ನೌಕರಿಯಾಯಿತು, ಹಿರೇಕೆರೂರಿನ ಹುಡುಗಿಯ ಜೊತೆ ಮದುವೆಯಾಯಿತು, ಅವ್ವ ನಮ್ಮಲ್ಲಿಗೆ ಬಂದಳು. ಕಾಕಾ ರಿಟೈರ್ ಆಗಿ ಶಿಗ್ಗಾಂವಿಯಲ್ಲಿ ಹೆದ್ದಾರಿಯ ಪಕ್ಕ ಸಣ್ಣ ಮನೆ ಕಟ್ಟಿಸಿಕೊಂಡರು. ರಜೆಗೆ ನಾವು ಕಾರಿನಲ್ಲಿ ಹಿರೇಕೆರೂರಿಗೆ ಹೊರಟರೆ ಅವರ ಬಾಗಿಲ ಮುಂದೆಯೇ ದಾರಿ. ಮೊದಮೊದಲು ಇಳಿಯುತ್ತಿದ್ದೆವು. ಇಳಿದರೆ ಎರಡು ತಾಸು ಹೋಯಿತು ಎಂದೇ ಲೆಕ್ಕ. ಚುರುಮುರಿ, ಸವಣೂರಿನ ಖಾರಾ, ಚಹಾ, ಮೇಲೆ ಎಲೆ-ಅಡಿಕೆ, ಇವೆಲ್ಲದರ ನಡುವೆ ನನ್ನ ಬುತ್ತಿಯ ಕಥೆ. ಒಮ್ಮೆ ನನ್ನ ಹೆಂಡತಿಯ ಅಣ್ಣನೂ ಜೊತೆಗಿದ್ದ. ನಾನು ಬಸ್‌ಸ್ಟ್ಯಾಂಡಿನಲ್ಲೇ ಕುಕ್ಕರಗಾಲಲ್ಲಿ ಕೂತು ರೊಟ್ಟಿ ಹೇಗೆ ಗಬಗಬ ತಿನ್ನುತ್ತಿದ್ದೆ ಎಂದು ಕಾಕಾ ಅವನ ಮುಂದೆ ಮಾಡಿ ತೋರಿಸಿದರು. ಎಲ್ಲರೂ ನಕ್ಕರು. ಪ್ರೀತಿಯಿಂದಲೇ ತೋರಿಸಿದ್ದು. ನನಗೆ ಮಾತ್ರ ಮೈಯೆಲ್ಲ ಉರಿಯಿತು, ದೊಡ್ಡ ಆಫೀಸರ್ ನಾನು.

ಮುಂದಿನ ರಜೆಗೆ ಫೋನ್ ಮಾಡಿ, ಈ ಸಲ ತಡಸ ಕ್ರಾಸಿನಲ್ಲಿ ತಿರುಗಿ ಮುಂಡಗೋಡ, ಹಾನಗಲ್ ಮೇಲೆ ಹೋಗುತ್ತೇವೆ, ಮಕ್ಕಳಿಗೆ ಹಸಿರು ನೋಡಬೇಕಂತೆ ಎಂದೆ. ಸುತ್ತಿನ ದಾರಿ, ಆದರೆ ಶಿಗ್ಗಾಂವಿ ತಪ್ಪುತ್ತದೆ. ಕಾಕಾ ಬೇಜಾರಾಗುತ್ತಾರೆ ಅಂದುಕೊಂಡಿದ್ದೆ. ಅವರು ಹಿಗ್ಗಿಬಿಟ್ಟರು. ಆ ರೂಟಿನಲ್ಲಿ ಅವರು ಆರು ವರ್ಷ ದುಡಿದಿದ್ದರು. ಕೆರೆಗಳು ಯಾವ ಕಡೆ ಬರುತ್ತವೆ, ಮಕ್ಕಳನ್ನು ಯಾವ ಕಿಟಕಿಗೆ ಕೂಡಿಸಬೇಕು, ಅಕ್ಕಿಆಲೂರು ದಾಟಿದ ಮೇಲೆ ಎಲ್ಲಿ ನೆರಳಿದೆ, ಎಲ್ಲ ಹೇಳಿದರು. ದಾರಿ ನಿಜಕ್ಕೂ ಚಂದವಿತ್ತು, ಆ ಸಲ ಮಕ್ಕಳು ಕುಣಿದರು. ಆಮೇಲೆ ಪ್ರತಿ ಸಲ ಅದೇ ನೆಪ. ಪ್ರತಿ ಸಲ ಅವರು ಹೊಸದಾಗಿ ದಾರಿ ಹೇಳುವರು.

ಒಂದು ದೀಪಾವಳಿಗೆ ಹತ್ತು ಗಂಟೆಗೆ ಬಿಡುತ್ತೇವೆ, ಹಾನಗಲ್ ಮೇಲೇ ಹೋಗುತ್ತೇವೆ ಎಂದು ಕಾಕಾನಿಗೆ ಹೇಳಿದ್ದೆ. ಮಾವನ ಮನೆಯಲ್ಲಿ ಊಟದ ಹೊತ್ತಿಗೆ ಮುಟ್ಟಬೇಕಾಗಿ ಬಂತು. ತಡಸದಲ್ಲಿ ತಿರುಗದೆ ನೇರ ಹೆದ್ದಾರಿಯಲ್ಲೇ ಹೋದೆ. ಶಿಗ್ಗಾಂವಿಯಲ್ಲಿ ರಸ್ತೆ ಕೆಲಸ ನಡೆದಿತ್ತು, ಗಾಡಿಗಳು ತೆವಳುತ್ತಿದ್ದವು. ಕಾಕಾನ ಮನೆ ಹತ್ತಿರ ಬಂದಾಗ ನನ್ನ ಕಡೆಯ ಗಾಜು ಏರಿಸಿ ಮುಖ ಇನ್ನೊಂದು ಕಡೆ ತಿರುಗಿಸಿದೆ. ಓರೆಗಣ್ಣಲ್ಲಿ ನೋಡಿದರೆ ಕಟ್ಟೆಯ ಮೇಲೆ ಕಾಕಾ ಇರಲಿಲ್ಲ. ಬದುಕಿದೆ ಅಂದುಕೊಂಡೆ.

ಸಂಜೆ ಅವರ ಫೋನ್ ಬಂತು.

"ಹಾನಗಲ್ಲಿನ ಆನಿಕೆರಿ ತುಂಬೇತೇನು, ತಮ್ಮಾ?"

"ತುಂಬೇತ್ರಿ ಕಾಕಾ. ಹುಡುಗ್ರು ಭಾಳ ಖುಷಿಪಟ್ರು."

"ಛಲೋ ಆತು ಬಿಡು" ಎಂದು ಫೋನ್ ಇಟ್ಟರು.

ಅದೇ ಕೊನೆಯ ಮಾತೇನಲ್ಲ. ಹಬ್ಬಕ್ಕೊಮ್ಮೆ ಮಾತಾಡುತ್ತಿದ್ದೆವು. ಆದರೆ ದಾರಿ ಹೇಳುವುದನ್ನು ಅವರು ಬಿಟ್ಟಿದ್ದರು. ಯಾಕೆ ಎಂದು ನಾನು ಕೇಳಲಿಲ್ಲ, ಕೇಳುವ ಮುಖವೂ ಇರಲಿಲ್ಲ. ಎರಡು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಮನೆಯವರನ್ನು ಮಾತಾಡಿಸಲು ಒಬ್ಬನೇ ಹೋದೆ, ನೇರ ದಾರಿಯಲ್ಲೇ.

ಕಾಕಾನ ಹೆಂಡತಿ, ನಮ್ಮ ಕಾಕು, ಒಳಗೆ ಹೋಗಿ ಈ ಡಬ್ಬಿ ತಂದು ನನ್ನ ಮುಂದಿಟ್ಟರು. ದಿನಾ ಅದಲುಬದಲಾಗುತ್ತಿದ್ದ ಆ ಎರಡು ಡಬ್ಬಿಗಳಲ್ಲಿ ಒಂದು ಅವರ ಮನೆಯಲ್ಲೇ ಉಳಿದಿತ್ತಂತೆ.

"ಆ ದೀಪಾವಳಿಗೆ ಇದರ ತುಂಬ ರೊಟ್ಟಿ ಚಟ್ನಿ ಕಟ್ಟಿಸ್ಕೊಂಡು ತಡಸ ಕ್ರಾಸಿಗೆ ಹೋಗಿದ್ರು, ತಮ್ಮಾ. ನಿನ್ನ ಮಕ್ಕಳಿಗೆ ಕೈಯಾರೆ ಕೊಡ್ಬೇಕಂತ."

ಬಸ್ಸು ಹಿಡಿದು ಹೋಗಿ, ಮೂರು ಗಂಟೆಯವರೆಗೆ ಮುಂಡಗೋಡದ ತಿರುವಿನಲ್ಲಿ ನಿಂತು, ಡಬ್ಬಿ ತಿರುಗಿ ತಂದಿದ್ದರಂತೆ. ಸಂಜೆ ನಾನು ಕೆರೆ ತುಂಬಿದೆ ಎಂದ ಮೇಲೆ ಅವರಿಗೆ ಖಾತ್ರಿಯಾಯಿತಂತೆ: ಗಾಡಿ ಅಲ್ಲೇ ದಾಟಿ ಹೋಗಿದೆ, ತಮ್ಮ ಕಣ್ಣಿಗೇ ಕಾಣಲಿಲ್ಲ. ಮರುವಾರವೇ ಹಾವೇರಿಗೆ ಹೋಗಿ ಚಷ್ಮಾ ಬದಲಾಯಿಸಿಕೊಂಡು ಬಂದರಂತೆ, ಕಣ್ಣು ಕಾಣದವ ಇನ್ನು ದಾರಿ ಏನು ಹೇಳಲಿ ಎನ್ನುತ್ತಿದ್ದರಂತೆ. ನನ್ನ ಸುಳ್ಳನ್ನು ನಂಬಿ ಅವರು ತಮ್ಮ ಕಣ್ಣನ್ನೇ ನಂಬದಾದರು. ನಾನು ಎದ್ದು ಬರುವ ಹೊತ್ತಿಗೆ ಕಾಕು ಬಾಗಿಲ ತನಕ ಬಂದರು.

"ಅವತ್ತ ಈ ಬಾಗಲದಾಗ ನಾ ನಿಂತಿದ್ನಿ. ನಿನ್ನ ಮಗಳು ಗಾಡಿಯಾಗಿಂದ ಟಾಟಾ ಮಾಡಿದ್ಲು. ಅದನ್ನ ನಾ ಅವರಿಗೆ ಹೇಳ್ಲಿಲ್ಲ."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಆ ಡಬ್ಬಿಯನ್ನು ತಂದು ಅಟ್ಟಕ್ಕೆ ಹಾಕಿದವನು ಮೊನ್ನೆಯವರೆಗೂ ಮುಟ್ಟಿರಲಿಲ್ಲ, ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಮೊನ್ನೆ ಮಗಳನ್ನು ಎದುರಿಗೆ ಕೂಡಿಸಿಕೊಂಡು ಎಲ್ಲ ಹೇಳಿದೆ, ಗಾಜು ಏರಿಸಿದ್ದನ್ನೂ ಬಿಡಲಿಲ್ಲ. ಅವಳಿಗೆ ಆಗ ಐದು ವರ್ಷ, ಒಂದೂ ನೆನಪಿಲ್ಲ. ಡಬ್ಬಿಯ ಮುಚ್ಚಳ ಸವರುತ್ತಾ, ತಾನು ಖರೇನೇ ಟಾಟಾ ಮಾಡಿದ್ದೆನಾ ಎಂದು ಕೇಳಿದಳು.

"ಮಾಡಿದ್ದಿ, ಯವ್ವಾ" ಎಂದೆ. "ಗಾಡಿಯಾಗ ನೀ ಒಬ್ಬಾಕಿನ ಮಾಡಿದ್ದಿ."